ಗೋಡೆಯಿಲ್ಲದ ಮನೆಗೊಂದು ಕಣ್ಣು

ಕ್ಯಾಮೆರಾ ಬಂದದ್ದು ಆಗಸ್ಟ್ ತಿಂಗಳ ಮೊದಲ ಶನಿವಾರ. ಆಕ್ಲೆಂಡಿನಿಂದ ನಮ್ಮ ದ್ವೀಪದ ಊರಿಗೆ ಬಂದವರೊಬ್ಬರ ಪೆಟ್ಟಿಗೆಯಲ್ಲಿ, ಎರಡು ಟವೆಲ್ಲುಗಳ ನಡುವೆ ಇತ್ತು. ಕೋಳಿಮೊಟ್ಟೆಯಷ್ಟೇ ಗಾತ್ರ, ಅಷ್ಟೇ ಬಿಳುಪು. ಕಳಿಸಿದವರು ಲೋಸಾ ಅತ್ತೆ, ನಮ್ಮಪ್ಪನ ಅಕ್ಕ. ಇಪ್ಪತ್ತೆರಡು ವರ್ಷದಿಂದ ಅವರು ಅಲ್ಲಿ ಹಗಲು ಲಾಂಡ್ರಿಯಲ್ಲಿ, ಸಂಜೆ ಕಚೇರಿಗಳನ್ನು ಗುಡಿಸಿ ಒರೆಸುವ ಕೆಲಸದಲ್ಲಿ ಇದ್ದಾರೆ. ಜುಲೈಯಲ್ಲಿ ನಮ್ಮಜ್ಜಿ ಅಡುಗೆಮನೆಯ ಹಾದಿಯಲ್ಲಿ ಜಾರಿ ಬಿದ್ದು ಮಂಡಿ ಊದಿಸಿಕೊಂಡಿದ್ದಳು. ಆ ಸುದ್ದಿ ಅತ್ತೆಗೆ ತಲುಪಿದ್ದು ಅಲ್ಲಿನ ಚರ್ಚಿನಲ್ಲಿ, ಬೇರೆ ಯಾರದೋ ಬಾಯಿಂದ. ನಮ್ಮ ತಪ್ಪು ಅಲ್ಲಿಂದಲೇ ಶುರುವಾಗಿತ್ತು.

"ನೀವು ಹೇಳಲಿಲ್ಲ. ಇನ್ಮೇಲೆ ನಾನೇ ನೋಡ್ಕೋತೀನಿ" ಎಂದರು ಅತ್ತೆ ಫೋನಿನಲ್ಲಿ. "ಲೂಪೆ ಹತ್ರ ಕೊಡು. ಅವಳು ಓದಿದವಳು, ಅವಳೇ ಹಾಕ್ತಾಳೆ."

ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ ಆದ್ದರಿಂದ, ವೈರು ಸಿಕ್ಕಿಸಬೇಕಾದದ್ದೆಲ್ಲ ನನ್ನ ಪಾಲಿಗೆ ಬರುತ್ತದೆ. ನಮ್ಮದು ಗೋಡೆಯಿಲ್ಲದ ಮನೆ. ಸುತ್ತ ಕಂಬ, ಮೇಲೆ ಸೂರು, ಕೆಳಗೆ ಚಾಪೆ. ಮಳೆ ಬಂದರೆ, ಬಟ್ಟೆ ಬದಲಿಸಬೇಕಾದರೆ ತೆಂಗಿನ ಗರಿಯ ತಟ್ಟಿ ಇಳಿಸುತ್ತೇವೆ. ಅಜ್ಜಿ ಕೂರುವ ಕಂಬದ ಎದುರಿನ ಕಂಬಕ್ಕೆ, ನನ್ನ ಕೈ ಎಟಕುವಷ್ಟು ಎತ್ತರದಲ್ಲಿ ಕ್ಯಾಮೆರಾ ಬಿಗಿದೆ. ಹಸಿರು ದೀಪ ಹೊತ್ತಿಕೊಂಡಿತು.

ಅಜ್ಜಿ ಬೀಸಣಿಗೆಯ ಕೈ ನಿಲ್ಲಿಸಿ ಅದನ್ನೇ ನೋಡಿದಳು. "ನಾನು ಕೂತಿದೀನಿ. ಅದ್ಯಾಕೆ ನಿಂತಿದೆ?"

"ಅದು ಯಂತ್ರ ಅಜ್ಜಿ."

"ಯಂತ್ರದ ಒಳಗಿರೋದು ನನ್ನ ಮಗಳು ತಾನೆ? ತಾಯಿ ನೆಲದ ಮೇಲೆ ಕೂತಿರುವಾಗ ಮಗಳು ತಲೆ ಮೇಲೆ ನಿಂತಿರೋದಾ? ಬಗ್ಗಿ ಒಂದು 'ತುಲೌ' ಅನ್ನೋದೂ ಇಲ್ಲ. ಇಳಿಸು ಕೆಳಗೆ."

ಹಿರಿಯರ ಮುಂದೆ ಹಾದು ಹೋಗುವಾಗ ನಡು ಬಗ್ಗಿಸಿ 'ತುಲೌ' ಎನ್ನದ ಮಗುವನ್ನು ಇಡೀ ಊರು ಬೈಯುತ್ತದೆ. ಕ್ಯಾಮೆರಾಕ್ಕೂ ಅದೇ ನ್ಯಾಯ. ಅಪ್ಪ ನಗುತ್ತ ಮೊಳೆ ಕಿತ್ತು, ಕೂತವರ ಎದೆಯ ಮಟ್ಟಕ್ಕೆ ಅದನ್ನು ಇಳಿಸಿದ. ಇಳಿಸಿದ್ದೇ ತಡ, ನಮ್ಮ ಕೆಂಪು ಹುಂಜ ಬಂದು ಅದರ ಮೂತಿಗೆ ಮೂತಿ ಇಟ್ಟಿತು.

ಮೊದಲ ವಾರವೆಲ್ಲ ಅತ್ತೆಯ ಫೋನಿಗೆ ಎಚ್ಚರಿಕೆಯ ಗಂಟೆಯೇ ಗಂಟೆ. ಯಾರಾದರೂ ಅಲುಗಾಡಿದರೆ ಬಾರಿಸುವ ಯಂತ್ರ ಅದು. ಗೋಡೆಯಿಲ್ಲದ ಮನೆಯಲ್ಲಿ ನಾಯಿ, ಕೋಳಿ, ಉಪ್ಪು ಕೇಳಲು ಬಂದ ಪಕ್ಕದ ಮನೆಯವರು, ಎಲ್ಲರೂ ಅಲುಗಾಡುವವರೇ. "ನಿನ್ನೆ ಒಂದೇ ದಿನಕ್ಕೆ ಇನ್ನೂರು ಸಲ ಹೊಡಕೊಂಡಿತು, ಅದ್ಯಾರ್ರೋ ಆ ಹಂದಿ?" ಎಂದು ಅತ್ತೆ ಕೇಳಿದಾಗ ಅಪ್ಪ, "ಹಂದಿ ಅಂದದ್ದು ನನ್ನನ್ನಾ ಅಕ್ಕ?" ಎಂದ. ಅಜ್ಜಿಗೆ ನಕ್ಕು ನಕ್ಕು ಕೆಮ್ಮು ಬಂತು. ನಾನು ಗಂಟೆಯನ್ನು ನಿಲ್ಲಿಸಿಕೊಟ್ಟೆ. ಆಮೇಲೆ ಉಳಿದದ್ದು ಕಣ್ಣು ಮತ್ತು ಮಾತು.

ಮಾತು ಬರುತ್ತಿದ್ದುದು ಊಟದ ಹೊತ್ತಿಗೆ. ಸಂಜೆ ಊರಿನಲ್ಲಿ ಪ್ರಾರ್ಥನೆಯ ಶಂಖ ಕೇಳಿಸಿ, ಪ್ರಾರ್ಥನೆ ಮುಗಿದು, ಅಮ್ಮ ತಟ್ಟೆಗಳನ್ನು ತಂದಿಡುತ್ತಿದ್ದಳು. ಅಜ್ಜಿಗೆ ಮೊದಲು, ಅಪ್ಪನಿಗೆ ಆಮೇಲೆ, ನನಗೆ ಕೊನೆಗೆ. ನಾವು ಉಣ್ಣುವಷ್ಟು ಹೊತ್ತೂ ಅಮ್ಮ ಪಕ್ಕದಲ್ಲಿ ಕೂತು ನೊಣ ಓಡಿಸುತ್ತ ಬೀಸಣಿಗೆ ಬೀಸುತ್ತಾಳೆ. ಕೈತೊಳೆಯುವ ನೀರು ಕೊಟ್ಟು, ಟವೆಲ್ಲು ಕೊಟ್ಟು, ಉಳಿದದ್ದನ್ನು ತಾನು ಉಣ್ಣುತ್ತಾಳೆ. ಮದುವೆಯಾಗಿ ಗಂಡನ ಮನೆಗೆ ಬಂದವಳ ರೀತಿ ಅದು. ಇಪ್ಪತ್ತೈದು ವರ್ಷದಿಂದ ಅಮ್ಮ ಹಾಗೇ ನಡೆಸಿಕೊಂಡು ಬಂದಿದ್ದಾಳೆ. ಈಗ ಮಾತ್ರ ಅತ್ತೆಯ ದನಿಯಲ್ಲಿ ಕಂಬ ಮಾತಾಡತೊಡಗಿತು.

"ಅಕೆನೆಸೆ, ಇವತ್ತೂ ಡಬ್ಬಿ ಮೀನಾ? ಹಸಿ ಮೀನು ಸಿಗಲಿಲ್ವಾ?"

"ಸಮುದ್ರ ಗಡುಸಾಗಿದೆ ಅತ್ತಿಗೆ. ಯಾರೂ ದೋಣಿ ಇಳಿಸಿಲ್ಲ."

"ಕೆಸವಿನ ಗಡ್ಡೆ ಬೆಂದ ಹಾಗೆ ಕಾಣಲ್ಲ. ಅಮ್ಮ ಎಷ್ಟು ಹೊತ್ತಿಂದ ಅಗಿಯುತ್ತಿದ್ದಾಳೆ ನೋಡು."

"ನನಗೆ ಇರೋದೇ ನಾಲ್ಕು ಹಲ್ಲು, ಬೆಂದರೂ ಅಗೀಬೇಕು, ಬೇಯದಿದ್ರೂ ಅಗೀಬೇಕು" ಎಂದಳು ಅಜ್ಜಿ ಬಾಯಿ ತುಂಬಿಕೊಂಡೇ. ಅಮ್ಮ ನಗಲಿಲ್ಲ. ಬೀಸಣಿಗೆ ಸ್ವಲ್ಪ ಜೋರಾಯಿತು, ಅಷ್ಟೆ.

ಆಮೇಲೆ ಹಿತ್ತಲಿನ ಅಡುಗೆಮನೆಯಲ್ಲಿ, ಹಸಿರು ದೀಪ ಇಲ್ಲದ ಕಡೆ, ಅವಳ ಮಾತು ಹೊರಗೆ ಬಂತು.

"ಸೆತೆಫಾನೊ, ನಿಮ್ಮಕ್ಕನಿಗೆ ಹೇಳು. ನಾನು ಕಳ್ಳಿಯಲ್ಲ."

"ಕಳ್ಳಿ ಅಂತ ಯಾರಂದ್ರು?"

"ಯಾರೂ ಅನ್ನಲಿಲ್ಲ. ಕಣ್ಣು ಇಟ್ಟರು."

ಅಪ್ಪ ತೆಂಗಿನಕಾಯಿ ತುರಿಯುವ ಮಣೆಯ ಮೇಲೆ ಕೂತು ತುರಿಯುತ್ತಲೇ ಇದ್ದ. ಆಪಿಯಾ ಪಟ್ಟಣಕ್ಕೆ ಹೋಗಿ ಬರುವ ಬಸ್ಸು ಓಡಿಸುತ್ತಾನೆ. ದಾರಿಯಲ್ಲಿ ಹಂದಿ, ಹುಡುಗರು, ಪಾದ್ರಿ ಯಾರು ಅಡ್ಡ ಬಂದರೂ ಹಾರ್ನ್ ಒತ್ತುವ ಮನುಷ್ಯ. ಅಕ್ಕನ ಮುಂದೆ ಮಾತ್ರ ದನಿಯೇ ಇಲ್ಲ. ನಮ್ಮಲ್ಲಿ ತಮ್ಮನಾದವನು ಅಕ್ಕನ ಮಾತಿಗೆ 'ಇಲ್ಲ' ಅನ್ನುವುದಿಲ್ಲ. ಅದು ಹುಟ್ಟಿನಿಂದ ಬಂದ ಒಪ್ಪಂದ.

"ಅವಳು ನನಗೆ ಅಕ್ಕ, ಅಕೆನೆಸೆ. ಏನಂತ ಹೇಳಲಿ?"

"ಹಾಗಾದರೆ ನಾನು ನಿನಗೆ ಏನು?"

ಅಪ್ಪ ತುರಿದದ್ದೇ ತುರಿದು ಕರಟದ ಪುಡಿಯನ್ನೂ ಕಾಯಿಗೆ ಬೆರೆಸಿಬಿಟ್ಟ. ಅವತ್ತು ಕಾಯಿಹಾಲು ಕಂದುಬಣ್ಣಕ್ಕೆ ತಿರುಗಿತ್ತು. ಅದನ್ನೂ ಅತ್ತೆ ಕೇಳಿದರು.

ಅದೇ ತಿಂಗಳು ನಮ್ಮ ಕಚೇರಿಗೂ ಒಂದು ಯಂತ್ರ ಬಂತು. ಆಪಿಯಾದ ಒಂದು ಸಣ್ಣ ವಿಮಾ ಕಚೇರಿಯಲ್ಲಿ ನನಗೆ ಕೆಲಸ. ಬೆಳಿಗ್ಗೆ ಬಂದ ಕೂಡಲೇ ಹಾಜರಿ ಪುಸ್ತಕದಲ್ಲಿ ಸಹಿ ಹಾಕುವುದನ್ನು ನಿಲ್ಲಿಸಿ, ಇನ್ನು ಎಲ್ಲರೂ ಬೆರಳು ಒತ್ತಬೇಕು ಎಂದರು ಮ್ಯಾನೇಜರ್ ಫಾಲಾನಿಕೊ. ಅದನ್ನು ಜೋಡಿಸಿದವಳೂ ನಾನೇ. ಎಲ್ಲರ ಬೆರಳನ್ನೂ ಒಪ್ಪಿದ ಯಂತ್ರ, ನೆಲ ಒರೆಸುವ ತೀಸಾ ಚಿಕ್ಕಮ್ಮನ ಬೆರಳನ್ನು ಮಾತ್ರ ಒಪ್ಪಲಿಲ್ಲ. ಚಾಪೆ ಹೆಣೆದು, ಕೆಸವಿನ ಗಡ್ಡೆ ಸುಲಿದು, ಬ್ಲೀಚಿನಲ್ಲಿ ಅದ್ದಿ ಆಕೆಯ ಬೆರಳ ಗೆರೆಗಳೇ ಅಳಿಸಿಹೋಗಿದ್ದವು.

"ಒರೆಸಿಕೊಂಡು ಒತ್ತಿ ಚಿಕ್ಕಮ್ಮ."

"ಎಷ್ಟು ಒರೆಸ್ಕೊಳ್ಳಲಿ ಮಗಳೇ? ಐವತ್ತು ವರ್ಷದಿಂದ ಒರೆಸೀನೇ ಹೀಗಾಗಿದ್ದು."

ಹತ್ತು ಬೆರಳೂ ಆಯಿತು. ಆರು ಗಂಟೆಗೆ ಬಂದವಳು ಆ ವಾರ ಮೂರು ದಿನ ಗೈರುಹಾಜರಿ ಎಂದು ಕಂಪ್ಯೂಟರಿನಲ್ಲಿ ಕಂಡಿತು. ನಾನು ಮ್ಯಾನೇಜರ ಬಾಗಿಲವರೆಗೆ ಎರಡು ಸಲ ಹೋಗಿ, ಎರಡು ಸಲವೂ ಕುಡಿಯುವ ನೀರಿನ ಕೊಡದ ಕಡೆಗೆ ತಿರುಗಿಕೊಂಡೆ. ಮಾತು ಗಂಟಲಿನಲ್ಲಿ ಸಿದ್ಧವಾಗಿಯೇ ಇರುತ್ತದೆ. ಬಾಗಿಲು ತಟ್ಟುವುದೊಂದೇ ಆಗುವುದಿಲ್ಲ.

ಮನೆಯಲ್ಲೂ ಆ ದಿನಗಳಲ್ಲಿ ನಾನು ಅದನ್ನೇ ಮಾಡಿದೆ.

ಅಜ್ಜಿಯ ಮಂಡಿಗೆ ದಿನಾ ಮಧ್ಯಾಹ್ನ ಮೂರು ಗಂಟೆಗೆ ಅಮ್ಮ ಎಣ್ಣೆ ಹಚ್ಚಿ ನೀವುತ್ತಿದ್ದಳು. ಊರಿನಲ್ಲಿ ನೀವುವ ಮುದುಕಿ ತೀರಿಕೊಳ್ಳುವ ಮುಂಚೆ ಅಮ್ಮನಿಗೆ ಆ ವಿದ್ಯೆ ಕೊಟ್ಟು ಹೋಗಿದ್ದಳು. ಸೊಂಟದಿಂದ ಶುರುಮಾಡಿ ಪಾದದವರೆಗೆ, ಬಟ್ಟೆ ತೆಗೆದು ನೀವಬೇಕು. ಅದಕ್ಕೆ ಅಮ್ಮ ಸುತ್ತಲೂ ತಟ್ಟಿ ಇಳಿಸಿ, ಕ್ಯಾಮೆರಾದ ಮೇಲೆ ಸೊಂಟಕ್ಕೆ ಸುತ್ತುವ ತನ್ನ ಲಾವಾಲಾವಾ ಒಂದನ್ನು ಹೊದಿಸುತ್ತಿದ್ದಳು. ಬಟ್ಟೆ ಹೊದಿಸಿದರೆ ಕಣ್ಣು ಮುಚ್ಚುತ್ತದೆ. ಕಿವಿ ಮುಚ್ಚುವುದಿಲ್ಲ ಎಂದು ಅಮ್ಮನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೆ ಹೇಳಬೇಕೆಂದು ಹೊಳೆದಿರಲಿಲ್ಲ.

ನೀವುವಾಗ ಅಜ್ಜಿ ಕೂಗುವ ಕೂಗು ಊರಿಗೇ ಗೊತ್ತು. "ಅಯ್ಯೋ, ಕೊಂದಳು! ಬಿಡೇ ರಾಕ್ಷಸಿ, ಬಿಡು!" ದಾರಿಯಲ್ಲಿ ಹೋಗುವವರು, "ಮೂರು ಗಂಟೆ ಆಯ್ತು" ಎಂದುಕೊಂಡು ನಗುತ್ತ ಹೋಗುತ್ತಾರೆ.

ಆಕ್ಲೆಂಡಿನಲ್ಲಿ ಯಾರೂ ನಗಲಿಲ್ಲ.

ನನ್ನ ಫೋನಿಗೆ ಸಂದೇಶ ಬಂತು. 'ಲೂಪೆ, ಮೂರು ಗಂಟೆಗೆ ದಿನಾ ಯಾಕೆ ಬಟ್ಟೆ ಮುಚ್ಚುತ್ತಾರೆ? ನಿಮ್ಮಮ್ಮ ನನ್ನಮ್ಮನಿಗೆ ಏನು ಮಾಡುತ್ತಾಳೆ? ನಿಜ ಹೇಳು.' ಓದಿದೆ. ಉತ್ತರ ಬರೆದು ಅಳಿಸಿದೆ. ನನ್ನ ಅಮ್ಮನ ಪರವಾಗಿ ಅತ್ತೆಗೆ ಸಾಕ್ಷಿ ಹೇಳಬೇಕಾಗಿ ಬಂದದ್ದೇ ನನಗೆ ನಾಚಿಕೆಯಾಗಿತ್ತು. ಎರಡು ದಿನ ಸುಮ್ಮನಿದ್ದೆ. ಆ ಎರಡು ದಿನದ ಮೌನವನ್ನು ಅತ್ತೆ ಉತ್ತರ ಎಂದೇ ತಿಳಿದರು.

ಭಾನುವಾರ ಚರ್ಚಿನಿಂದ ಬಂದು, ಬಿಸಿ ಕಲ್ಲಿನಲ್ಲಿ ಬೆಂದದ್ದನ್ನೆಲ್ಲ ಬಿಚ್ಚಿ ಊಟಕ್ಕೆ ಕೂತಿದ್ದೆವು. ದೀವಿ ಹಲಸಿನ ಹೊಗೆ ವಾಸನೆ ಇನ್ನೂ ಕೈಯಲ್ಲಿತ್ತು. ಫೋನು ಬಡಿದುಕೊಂಡಿತು. ತೆಗೆದರೆ ಅತ್ತೆ, ಯಾವಾಗಿನಂತೆ ಭಾನುವಾರದ ಬಿಳಿ ಬಟ್ಟೆಯಲ್ಲಿ, ಹೂವಿನ ಪರದೆಯ ಮುಂದೆ. ವಿಡಿಯೊ ಕರೆಯಲ್ಲಿ ಅವರನ್ನು ನಾವು ಬೇರೆ ಯಾವ ರೀತಿಯಲ್ಲೂ ನೋಡಿದ್ದೇ ಇಲ್ಲ.

"ಸೆತೆಫಾನೊ, ಟಿಕೆಟ್ ಮಾಡಿಸಿದೀನಿ. ಅಕ್ಟೋಬರಿನಲ್ಲಿ ಚರ್ಚಿನ ಮಕ್ಕಳ ಭಾನುವಾರ ಮುಗಿದ ಮಾರನೇ ದಿನ. ಅಮ್ಮ ನನ್ನ ಹತ್ರ ಇರ್ತಾಳೆ."

ಅಪ್ಪನ ಕೈಯಲ್ಲಿ ತುತ್ತು ಹಾಗೇ ನಿಂತಿತು. "ಯಾಕಕ್ಕ?"

"ಯಾಕಂತ ನಿನ್ನ ಹೆಂಡತಿಯನ್ನ ಕೇಳು. ಬಟ್ಟೆ ಹೊದಿಸಿ ನನ್ನಮ್ಮನನ್ನ ಕೂಗಿಸ್ತಾಳೆ. ನಾನು ಕೇಳಿಸ್ಕೊಂಡಿದೀನಿ. ಲಾಂಡ್ರಿಯಲ್ಲಿ ನಿಂತು, ನನ್ನ ಎರಡು ಕಿವಿಯಿಂದ."

ಅಮ್ಮ ಬೀಸಣಿಗೆ ಕೆಳಗಿಟ್ಟಳು. ನಾನು ಹುಟ್ಟಿದ ಮೇಲೆ ಊಟದ ನಡುವೆ ಅವಳು ಅದನ್ನು ಕೆಳಗಿಟ್ಟದ್ದು ಅದೇ ಮೊದಲು. "ನೀವೋದು ಅತ್ತಿಗೆ. ಮಂಡಿ ನೀವೋದು."

"ಹಾಗಾದರೆ ಬಟ್ಟೆ ಯಾಕೆ? ನನಗೆ ಕಾಣೋ ಹಾಗೇ ನೀವಬಹುದಲ್ಲ."

"ಲೋಸಾ!" ಅಜ್ಜಿ ಕೂಗಿದಳು, ಮಂಡಿ ನೀವುವಾಗಿನದಕ್ಕಿಂತ ಜೋರಾಗಿ. "ನನ್ನ ಬೆತ್ತಲೆ ತೊಡೆಯನ್ನ ನಿನ್ನ ಲಾಂಡ್ರಿಯಲ್ಲಿ ತೋರಿಸ್ಬೇಕಾ? ಅಲ್ಲಿ ಯಾರ್ಯಾರು ಇರ್ತಾರೆ?"

ಅತ್ತೆ ಆ ಮಾತು ಬಿಟ್ಟರು. ಆದರೆ ಒಪ್ಪಲಿಲ್ಲ. "ಅದೆಲ್ಲ ಬೇಡಮ್ಮ. ಇಲ್ಲಿ ಒಳ್ಳೆ ಡಾಕ್ಟರ್ ಇದಾರೆ. ನಾನು ನೋಡ್ಕೋತೀನಿ. ಟಿಕೆಟ್ ಆಗಿದೆ."

ಅಪ್ಪ ತಟ್ಟೆ ನೋಡುತ್ತ ಕೂತಿದ್ದ. ಅಮ್ಮ ಅವನನ್ನು ನೋಡಿದಳು. ಅವನು ತಲೆ ಎತ್ತಲಿಲ್ಲ. ಅಜ್ಜಿ ಇಬ್ಬರನ್ನೂ ನೋಡಿದಳು. ಇಬ್ಬರಿಂದಲೂ ಮಾತು ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಕೈತೊಳೆಯುವ ನೀರಿಗೆ ಬೆರಳು ಅದ್ದಿ, ನಿಧಾನ ಒರೆಸಿಕೊಂಡಳು.

"ಆಯ್ತು. ಬರೋಣ. ಆದರೆ ಅದಕ್ಕೆ ಮುಂಚೆ ನಿನ್ನ ಮನೆಯಲ್ಲೂ ಇಂಥದ್ದೊಂದು ಇಡು."

"ನನ್ನ ಮನೇಲಾ? ಯಾಕೆ?"

"ದಾರಿಯಲ್ಲಿ ಹೋಗೋರು ನಮ್ಮನ್ನ ನೋಡ್ತಾರೆ, ನಾವೂ ಅವರನ್ನ ನೋಡ್ತೀವಿ. ಅವರು ಬಗ್ಗಿ ಹೋಗ್ತಾರೆ, ನಾವು ಊಟಕ್ಕೆ ಕರೀತೀವಿ. ನೀನು ತಿಂಗಳಿಂದ ನಮ್ಮ ತಟ್ಟೆ ನೋಡ್ತಿದೀಯ, ನನಗೆ ನಿನ್ನ ಮುಖ ಕಾಣಲ್ಲ. ಇದು ಯಾವ ಊರಿನ ರೀತಿ? ನೀನು ಹುಟ್ಟಿದ ಊರಿನದಂತೂ ಅಲ್ಲ."

"ಅಮ್ಮಾ, ಇಲ್ಲಿ ಯಾರೂ ಮನೆಯೊಳಗೆ ಹಾಗೆಲ್ಲ... ಮನೆ ಗಲೀಜಾಗಿದೆ."

"ನಮ್ಮನೇಲಿ ಹುಂಜ ಕ್ಯಾಮೆರಾ ಮೇಲೆ ಹೇತಿತ್ತು. ನಾವೇನು ಬೇಡ ಅಂದ್ವಾ?"

ತಾಯಿಯ ಮಾತಿಗೆ ಮಗಳು ಇಲ್ಲ ಅನ್ನುವಂತಿಲ್ಲ. ಆ ಒಪ್ಪಂದವೂ ಅಷ್ಟೇ ಹಳೆಯದು. ಬುಧವಾರದ ಹೊತ್ತಿಗೆ ನನ್ನ ಹಳೆಯ ಫೋನಿನಲ್ಲಿ ಆಕ್ಲೆಂಡಿನ ಒಂದು ಅಡುಗೆಮನೆ ಬಂದು ಕೂತಿತು.

ಅಜ್ಜಿ ಅದನ್ನು ಬಿಸ್ಕತ್ತಿನ ಡಬ್ಬಿಗೆ ಒರಗಿಸಿಕೊಂಡು ದಿನವಿಡೀ ನೋಡಿದಳು. ಒಂದು ಒಲೆ, ಫ್ರಿಜ್ಜು, ಮೇಜು, ಮೇಜಿನ ಪಕ್ಕ ಒಂದೇ ಕುರ್ಚಿ. ಕುರ್ಚಿಯ ಮೇಲೆ ಬಟ್ಟೆಯ ಗುಡ್ಡೆ. ಕಿಟಕಿಯಿಂದ ಬಿಸಿಲಿನ ಒಂದು ಚೌಕ ಗೋಡೆಯ ಮೇಲೆ ಬೀಳುತ್ತಿತ್ತು. ನಾನು ಕೆಲಸದಿಂದ ಬಂದಾಗ ಅಜ್ಜಿ ವರದಿ ಕೊಡುತ್ತಿದ್ದಳು.

"ಬೆಳಿಗ್ಗೆ ಬಿಸಿಲು ಫ್ರಿಜ್ಜಿನ ಮೇಲಿತ್ತು. ಮಧ್ಯಾಹ್ನ ಒಲೆ ದಾಟಿತು. ಈಗ ಬಾಗಿಲ ಹತ್ರ ಹೋಗಿದೆ."

"ಮತ್ತೆ?"

"ಮತ್ತೆ ಏನು? ಅಷ್ಟೇ. ಯಾರೂ ಬರಲಿಲ್ಲ. ಅವಳ ಮಗ ಬಂದು ಬಾಟಲಿ ತಗೊಂಡು ಹೋದ. ಒಂದು ನಾಯಿ ಕೂಡ ಇಲ್ಲ."

ಒಂಬತ್ತು ದಿನ ಹಾಗೇ ಕಳೆಯಿತು. ಅಮ್ಮ ಆ ಫೋನಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅಜ್ಜಿಯ ಪೆಟ್ಟಿಗೆಗೆ ಬಟ್ಟೆ ಮಡಿಸಿಡಲು ಶುರುಮಾಡಿದ್ದಳು. ಚಳಿಗೆ ಬೇಕಾಗುತ್ತದೆಂದು ಪಕ್ಕದ ಮನೆಯಿಂದ ಒಂದು ಸ್ವೆಟರ್ ಕೇಳಿ ತಂದಳು. ಅದನ್ನು ಒಗೆದು ಒಣಗಿಸುವಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ. ಮೂರು ಗಂಟೆಗೆ ನೀವುವುದನ್ನು ಮಾತ್ರ ಬಿಡಲಿಲ್ಲ. ಅಜ್ಜಿ ಕೂಗುವುದನ್ನೂ ಬಿಡಲಿಲ್ಲ.

ಕಚೇರಿಯಲ್ಲಿ ತೀಸಾ ಚಿಕ್ಕಮ್ಮ ಯಂತ್ರದ ಮುಂದೆ ನಿಂತು, "ಇದಕ್ಕೆ ಮ್ಯಾನೇಜರ್ ಬೆರಳು ಇಟ್ಟಿದಾರಾ ಮಗಳೇ?" ಎಂದು ಕೇಳಿದಳು, ಸುಮ್ಮನೆ ತಿಳಿದುಕೊಳ್ಳುವವಳ ಹಾಗೆ. ಇಟ್ಟಿರಲಿಲ್ಲ. ಆ ಗುರುವಾರ ನನ್ನ ಕಾಲು ನೀರಿನ ಕೊಡದ ಕಡೆ ತಿರುಗಲಿಲ್ಲ. ಬಾಗಿಲು ತಟ್ಟಿದೆ.

"ಸರ್, ನೀವೂ ಬೆರಳು ಒತ್ತಬೇಕು. ಇಲ್ಲಾಂದ್ರೆ... ಚಿಕ್ಕಮ್ಮನಿಗೆ ಪುಸ್ತಕ ವಾಪಸ್ ಕೊಡಬೇಕು."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಎರಡು ವರ್ಷದಲ್ಲಿ ನಾನು ಅವರೊಡನೆ ಆಡಿದ ಅತಿ ಉದ್ದದ ಮಾತು ಅದು. "ಪುಸ್ತಕ ಎಲ್ಲಿದೆ?" ಎಂದರು. ನನ್ನ ಡ್ರಾಯರಿನಲ್ಲೇ ಇತ್ತು. ಎಸೆಯಲು ಹೇಳಿದ್ದರು, ನಾನು ಎಸೆದಿರಲಿಲ್ಲ.

ಅವತ್ತು ಸಂಜೆ ಬಸ್ಸಿನಲ್ಲಿ ಬರುವಾಗಲೂ ಆ ಮಾತನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಆಡುತ್ತಿದ್ದೆ. ಬಹುಶಃ ಆ ಹುರುಪಿನಲ್ಲೇ ಇರಬೇಕು, ಭಾನುವಾರದ ಅತ್ತೆಯ ಕರೆ ಬಿಟ್ಟು ಊಟದ ಹೊತ್ತಿಗೆ ಫೋನು ಕೂಡದು ಎಂಬ ಅಜ್ಜಿಯ ಕಟ್ಟಳೆಯನ್ನು ನಾನು ಮುರಿದೆ. ಪ್ರಾರ್ಥನೆ ಮುಗಿದಿತ್ತು. ಅಮ್ಮ ಅಜ್ಜಿಯ ಮುಂದೆ ಬಾಳೆಕಾಯಿ, ಮೀನಿನ ಸಾರು ಇಡುತ್ತಿದ್ದಳು. ನಾನು ಫೋನನ್ನು ತಂದು ಬಿಸ್ಕತ್ತಿನ ಡಬ್ಬಿಗೆ ಒರಗಿಸಿದೆ.

"ಏನೇ ಇದು, ಊಟದ ಹೊತ್ತಲ್ಲಿ?"

"ಈಗ ಅತ್ತೆ ಮನೇಲಿರ್ತಾರೆ ಅಜ್ಜಿ. ಸಂಜೆ ಕೆಲಸಕ್ಕೆ ಹೋಗೋ ಮುಂಚೆ."

ನಮಗೆ ಏಳು, ಅವರಿಗೆ ಆರು. ದೀಪ ಹೊತ್ತಿತ್ತು. ಅತ್ತೆ ಒಲೆಯ ಪಕ್ಕ ನಿಂತಿದ್ದರು. ಬಿಳಿ ಬಟ್ಟೆಯಿಲ್ಲ, ಹೂವಿನ ಪರದೆಯಿಲ್ಲ. ನೀಲಿ ಅಂಗಿ, ಎದೆಯ ಮೇಲೆ ಹೆಸರಿನ ಬಿಲ್ಲೆ, ಕಾಲಲ್ಲಿ ಬೂಟು. ಎಡಗೈಯಲ್ಲಿ ಪಾತ್ರೆ, ಪಾತ್ರೆಯಲ್ಲಿ ಎರಡು ನಿಮಿಷದ ನೂಡಲ್ಸು. ಫ್ರಿಜ್ಜಿನ ಮೇಲೆ, ಮುಖದ ಎತ್ತರಕ್ಕೆ, ಅವರ ಫೋನು ಒರಗಿತ್ತು. ಅವರು ಅದನ್ನೇ ನೋಡುತ್ತಿದ್ದರು, ತಿನ್ನುತ್ತಿರಲಿಲ್ಲ.

"ಏನು ನೋಡ್ತಿದಾಳೆ?" ಎಂದಳು ಅಜ್ಜಿ.

ಅಪ್ಪ ತಲೆ ತಗ್ಗಿಸಿ ಊಟಕ್ಕೆ ಮೊದಲು ದೇವರಿಗೆ ವಂದಿಸುವ ನಾಲ್ಕು ಮಾತು ಹೇಳಿದ. ಫೋನಿನೊಳಗೆ ಅತ್ತೆಯೂ ತಲೆ ತಗ್ಗಿಸಿದರು. ಅಜ್ಜಿ ಮೊದಲ ತುತ್ತು ಬಾಯಿಗಿಟ್ಟಳು. ಅತ್ತೆ ಚಮಚ ಎತ್ತಿದರು. ಅಜ್ಜಿ ನಿಲ್ಲಿಸಿದಳು. ಅಲ್ಲಿ ಚಮಚವೂ ನಿಂತಿತು.

ಅಮ್ಮನ ಬೀಸಣಿಗೆ ನಿಧಾನವಾಯಿತು.

"ನಮ್ಮ ಜೊತೆ ಉಣ್ತಿದಾಳೆ" ಎಂದಳು ಅಜ್ಜಿ. ಆಮೇಲೆ ಕಂಬದ ಕಡೆ ತಿರುಗಿ, "ಲೋಸಾ, ದಿನಾ ಹೀಗೇನಾ?"

ಫೋನಿನಲ್ಲಿ ಅತ್ತೆ ಬೆಚ್ಚಿದರು. ಮೇಲೆ, ತಮ್ಮದೇ ಕ್ಯಾಮೆರಾದ ಕಡೆ ನೋಡಿದರು. ಅದು ಇರುವುದನ್ನೇ ಮರೆತಿದ್ದರೆಂದು ಕಾಣುತ್ತದೆ. ಬೂಟಿನ ಕಾಲನ್ನು ಹಿಂದೆ ಎಳೆದುಕೊಂಡರು. "ಹೊತ್ತಾಗತ್ತಲ್ಲಮ್ಮ, ಅದಕ್ಕೆ ನಿಂತ್ಕೊಂಡೇ..."

"ಹಗಲು ಆ ಮನೇಲಿ ಯಾರೂ ಇರಲ್ಲ."

"ನಾನು ಲಾಂಡ್ರಿಯಿಂದ ಬೇಗ ಬರೋಕೆ ನೋಡ್ತೀನಿ, ಅಮ್ಮ."

"ಒಂಬತ್ತು ದಿನ ನಿನ್ನ ಗೋಡೆ ನೋಡಿದೀನಿ. ಬಿಸಿಲು ಎಲ್ಲೆಲ್ಲಿ ಹೋಗತ್ತೆ ಅಂತ ನನಗೆ ಬಾಯಿಪಾಠ ಆಗಿದೆ. ನಾನು ಬರಲ್ಲ, ಲೋಸಾ. ನನ್ನನ್ನ ಕೂಗಿಸೋಕಾದರೂ ಒಬ್ಬಳು ಇಲ್ಲಿದಾಳೆ."

ಪಾತ್ರೆಯ ಹಬೆ ಅತ್ತೆಯ ಮುಖದ ಮುಂದೆ ಏಳುತ್ತಿತ್ತು. ಅಪ್ಪ ತಲೆ ಎತ್ತಿದ. "ಅಕ್ಕ, ಅಮ್ಮ ಇಲ್ಲೇ ಇರಲಿ" ಎಂದ, ತೀರ ಮೆತ್ತಗೆ. ಆದರೆ ಹೇಳಿದ. ಅಮ್ಮ ಅವನ ಕಡೆ ನೋಡಲಿಲ್ಲ. ಅವನ ತಟ್ಟೆಗೆ ಇನ್ನೊಂದು ಬಾಳೆಕಾಯಿ ಇಟ್ಟಳು.

"ಸರಿ" ಎಂದಿತು ಕಂಬ. "ಟಿಕೆಟ್ ಬೇಡ ಅಂತ ಹೇಳ್ತೀನಿ." ಆಮೇಲೆ ಸ್ವಲ್ಪ ಬಿಟ್ಟು, "ಅಕೆನೆಸೆ, ಮೀನು ಹಸಿಯದಾ ಇವತ್ತು?"

"ಹೌದು ಅತ್ತಿಗೆ. ಬೆಳಿಗ್ಗೆ ಸಿಕ್ಕಿತು."

ಕ್ಷಮಿಸು ಎಂದು ಅತ್ತೆ ಹೇಳಲಿಲ್ಲ. ನಾನು ಕಾದೆ, ಅವರು ಹೇಳಲಿಲ್ಲ. ಅಜ್ಜಿ ಉಂಡು ಮುಗಿಸಿದಳು, ಅಪ್ಪ ಮುಗಿಸಿದ. ಅಮ್ಮ ಕೈತೊಳೆಯುವ ನೀರು ತಂದಳು, ಟವೆಲ್ಲು ಕೊಟ್ಟಳು, ತಟ್ಟೆಗಳನ್ನು ಎತ್ತಿಟ್ಟಳು. ಫೋನಿನಲ್ಲಿ ಅತ್ತೆಯ ಪಾತ್ರೆ ಇನ್ನೂ ಅರ್ಧ ತುಂಬಿತ್ತು. ಕೆಲಸಕ್ಕೆ ಹೊತ್ತಾಗುತ್ತಿದ್ದರೂ ಅವರು ಹೊರಟಿರಲಿಲ್ಲ.

ಅಮ್ಮ ಕೊನೆಗೆ ತನ್ನ ಜಾಗದಲ್ಲಿ ಕೂತಳು. ಕೂತವಳು ಉಣ್ಣಲು ಶುರುಮಾಡಲಿಲ್ಲ. ಕಂಬದ ಕಡೆ ತಿರುಗಿ, ದಾರಿಯಲ್ಲಿ ಹೋಗುವವರನ್ನು ದಿನಾ ಕರೆಯುವ ಅದೇ ದನಿಯಲ್ಲಿ, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ, ಕರೆದಳು.

"ಬನ್ನಿ ಅತ್ತಿಗೆ. ಕೂತ್ಕೊಳ್ಳಿ. ಊಟ ಮಾಡೋಣ."

ಅತ್ತೆ ತಮ್ಮ ಅಡುಗೆಮನೆಯಲ್ಲಿ ಸುತ್ತ ನೋಡಿದರು. ಪಾತ್ರೆಯನ್ನು ಮೇಜಿನ ಮೇಲಿಟ್ಟರು. ಕುರ್ಚಿಯ ಮೇಲಿದ್ದ ಬಟ್ಟೆಯ ಗುಡ್ಡೆಯನ್ನು ಎರಡೂ ಕೈಯಲ್ಲಿ ಬಾಚಿ ನೆಲಕ್ಕೆ ಹಾಕಿದರು.

ಅವರು ಕೂತ ಮೇಲೆ ಅಮ್ಮ ತನ್ನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.